ಮಲೆನಾಡಿನ ಬಾವಿ ಮತ್ತು ನೀರಿನ ಶೋಧಕ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಘಟ್ಟದ ಮೇಲಿನ ಮಳೆಯ ಸೀಮೆ. ಅಘನಾಶಿನಿಯು ಹುಟ್ಟುವುದು ಶಿರಸಿಯ ಪರಿಸರದಲ್ಲಿ. ಬೇಡ್ತಿಯು ಯಲ್ಲಾಪುರದ ಕಾಡುಗಳ ನಡುವೆ ಹರಿಯುತ್ತದೆ. ಶರಾವತಿಯು ಸಿದ್ದಾಪುರದ ಅಂಚಿನಲ್ಲಿ ಜೋಗದ ಕಮರಿಗೆ ಧುಮುಕುತ್ತದೆ. ಇಂತಹ ನಾಡಿನಲ್ಲಿ ಕುಡಿಯುವ ನೀರಿನ ಶುದ್ಧಿಯ ಮಾತೆತ್ತುವುದೇ ವಿಚಿತ್ರವೆನಿಸಬಹುದು. ಅಡಕೆಯ ಮರವನ್ನು ಸೀಳಿ, ತಿರುಳು ತೆಗೆದು, ಅದರ ಮೂಲಕ ಗುಡ್ಡದ ಅಬ್ಬಿಯ ನೀರನ್ನು ಅಂಗಳಕ್ಕೆ ತಂದುಕೊಂಡ ಮನೆಯವರಿಗೆ ಆ ನೀರು ಗಂಗೆಗೆ ಸಮಾನ. ಆದರೆ ಕಣ್ಣಿಗೆ ತಿಳಿಯಾಗಿ ತೋರುವುದೆಲ್ಲ ನಿರ್ಮಲವಲ್ಲ.

ಆಷಾಢದ ಮಳೆ ಹಿಡಿಯಿತೆಂದರೆ ಬಾವಿಯ ನೀರು ಕಟ್ಟೆಯ ಸಮೀಪಕ್ಕೇರುತ್ತದೆ. ಈ ಭಾಗದ ಜಂಬಿಟ್ಟಿಗೆಯ ನೆಲ ರಂಧ್ರಮಯವಾದುದು. ಗೊಬ್ಬರದ ಗುಂಡಿಯಾಗಲಿ, ಶೌಚದ ಗುಂಡಿಯಾಗಲಿ ಹತ್ತಿರದಲ್ಲಿದ್ದರೆ ಅದರ ಕೊಳೆಯು ನೆಲದೊಳಗಿಂದಲೇ ಬಾವಿಯನ್ನು ಸೇರುತ್ತದೆ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆಗಳು ಹರಡುವ ಒಂದು ಮುಖ್ಯ ಮಾರ್ಗ ಇದು. ಇದೇ ನೆಲದಲ್ಲಿ ಕಬ್ಬಿಣದ ಅಂಶವೂ ಉಂಟು. ಕೆಲವು ಬಾವಿಗಳಿಂದ ಸೇದಿಟ್ಟ ನೀರು ಬೆಳಗಾಗುವುದರೊಳಗೆ ಕೆಂಪಡರುತ್ತದೆ. ಅದರಲ್ಲಿ ಕಾಸಿದ ಚಹಾ ಕಪ್ಪಾಗುತ್ತದೆ. ಗಾಳಿಯ ಆಮ್ಲಜನಕದೊಡನೆ ಕರಗಿದ ಕಬ್ಬಿಣವು ಸೇರಿ ತುಕ್ಕಾಗುವುದೇ ನೀರು ಕೆಂಪಡರಲು ಕಾರಣ. ಇಂತಹ ನೀರನ್ನು ಕೆಲಹೊತ್ತು ಗಾಳಿಗೊಡ್ಡಿ, ಮರಳಿನಲ್ಲಿ ಸೋಸಿದರೆ ಬಣ್ಣ ಬಹುಮಟ್ಟಿಗೆ ಹೋಗುತ್ತದೆ. ಕೆಂಪು ನೀರಿಗೆ ಹೆದರುವ ಜನ ತಿಳಿನೀರಿನ ರೋಗಾಣುಗಳಿಗೆ ಹೆದರದಿರುವುದು ಸೋಜಿಗವೇ ಸರಿ.

ಮರಳಿನ ಸೋಸುವಿಕೆಯನ್ನು ಹಗುರವಾಗಿ ಎಣಿಸಬಾರದು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ತಲೆದೋರಿ ಎಂಟು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಆ ನಗರವು ಎಲ್ಬ್ ನದಿಯ ನೀರನ್ನು ಸೋಸದೆ ಹಂಚುತ್ತಿತ್ತು. ಪಕ್ಕದ ಅಲ್ಟೋನಾ ಪಟ್ಟಣವು ಅದೇ ನದಿಯ ಕೆಳಭಾಗದಿಂದ, ಹ್ಯಾಂಬರ್ಗಿನ ಕೊಳೆ ಸೇರಿದ ನೀರನ್ನೇ ಎತ್ತಿ, ಮರಳಿನ ಹಾಸುಗಳ ಮೂಲಕ ಹಾಯಿಸಿ ಕೊಡುತ್ತಿತ್ತು. ಅದು ಬಹುಪಾಲು ಪಾರಾಯಿತು. ರಾಬರ್ಟ್ ಕಾಕ್ ಈ ಅಂತರವನ್ನು ಜಗತ್ತಿಗೆ ಎತ್ತಿ ತೋರಿಸಿದನು.

ಇಂದು ಅಂಗಡಿಯಲ್ಲಿ ಶೋಧಕಗಳು ಹಲವು. ಆರ್.ಓ. ಎಂಬ ಯಂತ್ರವು ಅತಿ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಲವಣಗಳನ್ನು ತೆಗೆಯುತ್ತದೆ. ಜೊತೆಗೆ ಬಹಳಷ್ಟು ನೀರನ್ನು ಹೊರಚೆಲ್ಲುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಘನಾಂಶವಿರುವ ನೀರು ಸ್ವೀಕಾರಾರ್ಹ. ಮಲೆನಾಡಿನ ತೆರೆದ ಬಾವಿಗಳಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕಡಿಮೆ. ಉಪ್ಪುನೀರಿನ ಊರಿಗೆ ಒಪ್ಪುವ ಯಂತ್ರವನ್ನು ಇಲ್ಲಿ ಕೊಳ್ಳುವುದು ದುಂದುವೆಚ್ಚ. ನೇರಳಾತೀತ ಕಿರಣದ ಯಂತ್ರವು ರೋಗಾಣುಗಳನ್ನು ನಿಷ್ಕ್ರಿಯಗೊಳಿಸುವುದು ನಿಜ. ಆದರೆ ನೀರು ಕದಡಿದ್ದರೆ ಕಿರಣ ಒಳಹೊಗದು. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ನಿಂತಾಗ, ಅಂದರೆ ಅದು ಅತ್ಯಗತ್ಯವಾದ ದಿನಗಳಲ್ಲೇ, ಯಂತ್ರವೂ ನಿಲ್ಲುತ್ತದೆ.

ವಿದ್ಯುತ್ತಿನ ಹಂಗಿಲ್ಲದುದು ಕ್ಯಾಂಡಲ್ ಶೋಧಕ. ಪಾಶ್ಚರನ ಸಹೋದ್ಯೋಗಿ ಚೇಂಬರ್‌ಲ್ಯಾಂಡನು 1884ರಲ್ಲಿ ಮೆರುಗಿಲ್ಲದ ಪಿಂಗಾಣಿಯಿಂದ ರಚಿಸಿದ ಶೋಧಕದ ವಂಶಕ್ಕೆ ಸೇರಿದುದು ಇದು. ಉತ್ತಮ ಕ್ಯಾಂಡಲ್ಲು ಕೆಸರನ್ನೂ ಬಹುಪಾಲು ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ಕಾಮಾಲೆಯನ್ನು ಹರಡುವ ವೈರಸ್ಸುಗಳು ಅದರ ರಂಧ್ರಗಳಿಗಿಂತಲೂ ಚಿಕ್ಕವಾದ್ದರಿಂದ ನುಸುಳಿಹೋಗಬಲ್ಲವು. ಆದುದರಿಂದ ಮಳೆಗಾಲದಲ್ಲಿ ಸೋಸಿದ ನೀರನ್ನು ಒಂದು ನಿಮಿಷವಾದರೂ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಕುಡಿಯಬೇಕು. ಕ್ಯಾಂಡಲ್ಲಿನ ಮೇಲೆ ಲೋಳೆ ಕಟ್ಟಿ ನೀರು ತೊಟ್ಟಿಕ್ಕುವುದು ನಿಧಾನವಾದಾಗ ಅದನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಿಸಬೇಕು.