ಬೊಜ್ಜು, ಬೆವರು, ಉಪ್ಪಾಗೆ

ಹಿಂದಿನ ಕಾಲದಲ್ಲಿ ಬಯಲುಸೀಮೆಯ ರೈತರು ಸುಗ್ಗಿಯಲ್ಲಿ ಬಂದ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವಿನ ಬಾಯಿ ತೆರೆಯುತ್ತಿತ್ತು. ಮನೆಮಂದಿಯ ಹೊಟ್ಟೆ ತುಂಬುತ್ತಿತ್ತು. ಮನುಷ್ಯನ ದೇಹವೂ ಇಂತಹುದೇ ಒಂದು ಹಗೇವನ್ನು ತನ್ನೊಳಗೆ ಇರಿಸಿಕೊಂಡಿದೆ. ಅಗತ್ಯಕ್ಕಿಂತ ಹೆಚ್ಚಾಗಿ ಉಂಡ ಆಹಾರವು ಕೊಬ್ಬಾಗಿ ಮಾರ್ಪಟ್ಟು ಚರ್ಮದ ಅಡಿಯಲ್ಲಿಯೂ ಹೊಟ್ಟೆಯ ಸುತ್ತಲೂ ಸಂಗ್ರಹವಾಗುತ್ತದೆ. ಕ್ಷಾಮ ಕಾಲದಲ್ಲಿ ಜೀವ ಉಳಿಸುವ ಈ ಸಂಗ್ರಹವು ದಿನದಿನವೂ ತುಂಬುತ್ತಲೇ ಹೋಗಿ, ಅದನ್ನು ಬಳಸುವ ಸಂದರ್ಭವೇ ಬಾರದಿದ್ದರೆ ಬೊಜ್ಜು ಬೆಳೆಯುತ್ತದೆ.

ಬೊಜ್ಜು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯರೋಗ, ಮಂಡಿನೋವು ಮೊದಲಾದವು ಅದರ ಬೆನ್ನು ಹಿಡಿದು ಬರುತ್ತವೆ. ಕೆಲವರ ಮೈ ಹುಟ್ಟುಗುಣದಿಂದಲೇ ಬೇಗನೆ ಕೊಬ್ಬನ್ನು ಕೂಡಿಸಿಕೊಳ್ಳುವುದುಂಟು. ಆದುದರಿಂದ ದಪ್ಪಗಿರುವವರನ್ನು ಕಂಡು ನಗುವುದು ಅವಿವೇಕ. ಅವರಿಗೆ ಬೇಕಾದುದು ಗೇಲಿಯಲ್ಲ, ಸರಿಯಾದ ದಾರಿ.

ಆ ದಾರಿಯ ಹುಡುಕಾಟ ಇಂದು ನಿನ್ನೆಯದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲತೆಯ ಕಾರಣಗಳನ್ನೂ ಚಿಕಿತ್ಸೆಯನ್ನೂ ವಿವರಿಸಲಾಗಿದೆ. ಅತಿಯಾದ ಊಟ, ಹಗಲು ನಿದ್ರೆ, ವ್ಯಾಯಾಮವಿಲ್ಲದಿರುವುದು, ಹುಟ್ಟುಗುಣ ಇವು ಅಲ್ಲಿ ಹೇಳಿರುವ ಕಾರಣಗಳಲ್ಲಿ ಸೇರಿವೆ. ತ್ರಿಫಲದಂತಹ ಸಸ್ಯೌಷಧಗಳನ್ನೂ, ಜವೆಗೋಧಿ, ಹುರುಳಿ, ಹೆಸರು ಮುಂತಾದ ಧಾನ್ಯಗಳನ್ನೂ ಸೂಚಿಸಿ, ಅವುಗಳ ಜೊತೆಗೆ ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದು ಹೇಳಲಾಗಿದೆ. ಗಿಡಮೂಲಿಕೆಯೊಂದೇ ಸಾಕೆಂದು ಆ ಪ್ರಾಚೀನರು ಹೇಳಲಿಲ್ಲ ಎಂಬುದು ಗಮನಾರ್ಹ.

ವ್ಯಾಯಾಮದ ಮಹತ್ವವನ್ನು ಆಧುನಿಕ ವಿಜ್ಞಾನವು ಅಂಕಿ ಅಂಶಗಳಿಂದ ತೋರಿಸಿಕೊಟ್ಟಿತು. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಅವರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು ಅದು ತಿಳಿಸಿತು. 1973ರಲ್ಲಿ ಅವರು ಮತ್ತು ಸಂಗಡಿಗರು ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಸರ್ಕಾರಿ ನೌಕರರನ್ನು ಪರಿಶೀಲಿಸಿದಾಗ, ಬಿಡುವಿನ ವೇಳೆಯಲ್ಲಿ ಏದುಸಿರು ಬರುವಂತಹ ತೀವ್ರ ವ್ಯಾಯಾಮ ಮಾಡುತ್ತಿದ್ದವರ ಹೃದಯ ಹೆಚ್ಚು ಸುರಕ್ಷಿತವೆಂದು ಕಂಡುಬಂದಿತು. ಸ್ವತಃ ವ್ಯಾಯಾಮಪ್ರಿಯರಾಗಿದ್ದ ಮಾರಿಸ್ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ವೇಗವಾಗಿ ಓಡುವುದು, ಹಗ್ಗದಾಟ, ಈಜು, ಕಬಡ್ಡಿ, ಖೋ ಖೋ ಇವೆಲ್ಲವೂ ತೀವ್ರ ವ್ಯಾಯಾಮಗಳೇ. ಇಂತಹ ಶ್ರಮದಲ್ಲಿ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹರಿದುಹೋಗುತ್ತದೆ ಎಂಬುದು ಅನೇಕರ ತಿಳಿವಳಿಕೆ. ಅದು ಸರಿಯಲ್ಲ. ಬೆವರು ಬಹುಮಟ್ಟಿಗೆ ನೀರು. ಎರಡು ಲೋಟ ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ. ಕೊಬ್ಬು ಪ್ರಾಣವಾಯುವಿನೊಡನೆ ಸೇರಿ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಮಾರ್ಪಡುತ್ತದೆ. 10 ಕಿಲೋಗ್ರಾಂ ಕೊಬ್ಬು ಕರಗಿದರೆ 8.4 ಕಿಲೋಗ್ರಾಂ ಉಸಿರಿನ ಮೂಲಕವೂ, ಉಳಿದ 1.6 ಕಿಲೋಗ್ರಾಂ ನೀರಾಗಿಯೂ ಹೊರಬೀಳುತ್ತದೆಂದು ಆಸ್ಟ್ರೇಲಿಯದ ವಿದ್ವಾಂಸರು 2014ರಲ್ಲಿ ಲೆಕ್ಕಹಾಕಿ ತೋರಿಸಿದರು. ಬೊಜ್ಜು ಹೊರಹೋಗುವ ಹೆಬ್ಬಾಗಿಲು ಮೂಗೇ ಹೊರತು ಚರ್ಮವಲ್ಲ.

ಆದರೂ ವ್ಯಾಯಾಮದಿಂದ ಪವಾಡವನ್ನು ನಿರೀಕ್ಷಿಸಬಾರದು. ಒಂದು ಕಿಲೋಗ್ರಾಂ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. 60 ಕಿಲೋಗ್ರಾಂ ತೂಕದ ವ್ಯಕ್ತಿ ಅರ್ಧ ಗಂಟೆ ಚೆನ್ನಾಗಿ ಓಡಿದರೆ ಸುಮಾರು 300 ಕ್ಯಾಲೊರಿ ಖರ್ಚಾದೀತು. ತುಪ್ಪ ಹಾಕಿದ ಎರಡು ಹೋಳಿಗೆಯಿಂದ ಅಷ್ಟೂ ಶಕ್ತಿ ಹಿಂದಿರುಗಬಹುದು. ಆದುದರಿಂದ ಕಾಲಿನ ಶ್ರಮಕ್ಕೆ ನಾಲಗೆಯ ಸಂಯಮವೂ ಜೊತೆಗೂಡಬೇಕು.

ಈ ಎರಡೂ ಕಷ್ಟವೆಂದು ಭಾವಿಸಿದವರು ಮೂರನೆಯ ದಾರಿಯನ್ನು ಅರಸಿದರು. ಅದು ಮಾತ್ರೆಯ ದಾರಿ. ಅದರ ಕಥೆಯ ಒಂದು ಕೊನೆ ಕರ್ನಾಟಕದ ಪಶ್ಚಿಮಘಟ್ಟದಲ್ಲಿದೆ.

ಉತ್ತರ ಕನ್ನಡದ ಕಾಡುಗಳಲ್ಲಿ ಮುರುಗಲಿನ ಜಾತಿಗೆ ಸೇರಿದ ಉಪ್ಪಾಗೆ ಎಂಬ ಮರ ಬೆಳೆಯುತ್ತದೆ. ಪುಟ್ಟ ಕುಂಬಳದಂತೆ ಏಣುಗಳುಳ್ಳ ಅದರ ಹಣ್ಣು ಬಲು ಹುಳಿ. ಒಣಗಿಸಿದ ಸಿಪ್ಪೆಯನ್ನು ಕರಾವಳಿಯವರು ಅಡುಗೆಯ ಹುಳಿಗೆ ಬಳಸುತ್ತಾರೆ. ಕೊಡಗಿನ ಕಾಚಂಪುಳಿ ತಯಾರಾಗುವುದೂ ಇದರಿಂದಲೇ. ಬೀಜದಿಂದ ಮಲೆನಾಡಿನವರು ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹಣ್ಣಿನ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಿಸಿದರು. ದೇಹವು ಹಿಟ್ಟು ಸಕ್ಕರೆಗಳನ್ನು ಕೊಬ್ಬಾಗಿ ಮಾರ್ಪಡಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕಂಡರು. ಇಷ್ಟು ಸಾಕಾಯಿತು. ಬೊಜ್ಜು ಕರಗಿಸುವ ಹಣ್ಣೆಂಬ ಹೆಸರಿನಲ್ಲಿ ಉಪ್ಪಾಗೆಯ ಸತ್ತ್ವ ಮಾತ್ರೆಗಳಾಗಿ ದೇಶವಿದೇಶಗಳ ಅಂಗಡಿ ಸೇರಿತು.

1998ರಲ್ಲಿ ಅಮೆರಿಕದಲ್ಲಿ ಇದರ ನಿಜಸ್ಥಿತಿಯ ಪರೀಕ್ಷೆಯ ಫಲಿತಾಂಶ ಹೊರಬಂದಿತು. ತೂಕ ಹೆಚ್ಚಾಗಿದ್ದ 135 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉಪ್ಪಾಗೆಯ ಮಾತ್ರೆಯನ್ನೂ ಇನ್ನೊಂದಕ್ಕೆ ಸತ್ತ್ವವಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. ಇಬ್ಬರಿಗೂ ನಾರಿನಂಶ ಹೆಚ್ಚಾಗಿರುವ ಮಿತವಾದ ಊಟವನ್ನು ವಿಧಿಸಲಾಗಿತ್ತು. 12 ವಾರಗಳ ಕೊನೆಗೆ ಉಪ್ಪಾಗೆಯ ಗುಂಪಿನವರು ಸರಾಸರಿ 3.2 ಕಿಲೋಗ್ರಾಂ, ಹುಸಿಮಾತ್ರೆಯವರು 4.1 ಕಿಲೋಗ್ರಾಂ ಇಳಿದಿದ್ದರು. ಮಾತ್ರೆಯಿಂದ ಯಾವ ವಿಶೇಷ ಲಾಭವೂ ಕಾಣಲಿಲ್ಲ. ಎರಡೂ ಗುಂಪುಗಳ ತೂಕ ಇಳಿಯಿತಲ್ಲ, ಅದರ ಕಾರಣವನ್ನು ಹುಡುಕಬೇಕಾದುದು ಸೀಸೆಯಲ್ಲಿ ಅಲ್ಲ, ಊಟದ ತಟ್ಟೆಯಲ್ಲಿ.

ನಿಷ್ಫಲವಾದುದು ನಿರಪಾಯವೆಂದೂ ತಿಳಿಯಬಾರದು. ಉಪ್ಪಾಗೆಯ ಸತ್ತ್ವವಿರುವ ಕೆಲವು ಮಾತ್ರೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಎಫೆಡ್ರ ಎಂಬ ಇನ್ನೊಂದು ಸಸ್ಯದ ಕಥೆ ಮತ್ತೂ ದಾರುಣ. ಚೀನೀಯರು ಹಿಂದಿನಿಂದ ಕೆಮ್ಮು ಉಬ್ಬಸಗಳಿಗೆ ಬಳಸುತ್ತಿದ್ದ ಈ ಸಸ್ಯ ಎದೆಬಡಿತವನ್ನೂ ಮೈಯ ಕಾವನ್ನೂ ಏರಿಸುತ್ತದೆ. 2003ರ ಫೆಬ್ರವರಿಯಲ್ಲಿ ಅಮೆರಿಕದ 23 ವಯಸ್ಸಿನ ಬೇಸ್‌ಬಾಲ್ ಆಟಗಾರನೊಬ್ಬನು ಎಫೆಡ್ರ ಬೆರೆತ ಮಾತ್ರೆ ಸೇವಿಸಿ, ಬಿಸಿಲಿನಲ್ಲಿ ಕಠಿಣ ತರಬೇತಿಯಲ್ಲಿ ತೊಡಗಿದ್ದಾಗ ಕುಸಿದುಬಿದ್ದು, ಮರುದಿನ ಮೃತನಾದನು. ಬಿಸಿಲಿನ ಆಘಾತದೊಂದಿಗೆ ಎಫೆಡ್ರವೂ ಸಾವಿಗೆ ಕಾರಣವಾಗಿತ್ತೆಂದು ತನಿಖೆ ಮಾಡಿದ ವೈದ್ಯರು ತಿಳಿಸಿದರು. 2004ರಲ್ಲಿ ಆ ದೇಶ ಅಂತಹ ಮಾತ್ರೆಗಳ ಮಾರಾಟವನ್ನು ನಿಷೇಧಿಸಿತು. ಸಸ್ಯಮೂಲವೆಂದ ಮಾತ್ರಕ್ಕೆ ಸುರಕ್ಷಿತವಲ್ಲ. ತೀವ್ರ ವ್ಯಾಯಾಮದೊಡನೆ ಸೇರಿದಾಗ ಅಪಾಯ ಇಮ್ಮಡಿಯಾಗಲೂಬಹುದು.

ಹಾನಿ ಮನುಷ್ಯನಿಗಷ್ಟೇ ತಟ್ಟಲಿಲ್ಲ. 1990ರ ದಶಕದಲ್ಲಿ ವಿದೇಶದ ಬೇಡಿಕೆಯಿಂದ ಉಪ್ಪಾಗೆಯ ಬೆಲೆ ಏರಿದಾಗ, ಹಣ್ಣಾಗುವ ಮುನ್ನವೇ ಕಾಯಿ ಕೀಳುವವರೂ ಕೊಂಬೆ ಕಡಿಯುವವರೂ ಕಾಡಿಗೆ ನುಗ್ಗಿದರು. ಮಳೆಗಾಲದಲ್ಲಿ ಮಾಗುವ ಹಣ್ಣಿನ ಸಿಪ್ಪೆಯನ್ನು ಒಣಗಿಸಲು ಅಪಾರ ಸೌದೆ ಉರಿಯಿತು. ದೂರದೇಶದವರ ಬೊಜ್ಜು ಕರಗಲಿಲ್ಲ. ಮಲೆನಾಡಿನ ಕಾಡು ಮಾತ್ರ ಕರಗಿತು.

ಹಾಗಾದರೆ ಸಸ್ಯಗಳಿಗೆ ಇಲ್ಲಿ ಸ್ಥಾನವಿಲ್ಲವೆ? ಖಂಡಿತ ಉಂಟು. ಹುರುಳಿ, ಹೆಸರು, ರಾಗಿ, ಜೋಳ, ಸೊಪ್ಪು, ತರಕಾರಿಗಳಲ್ಲಿರುವ ನಾರು ಬೇಗ ಹೊಟ್ಟೆ ತುಂಬಿಸಿ, ಹಸಿವನ್ನು ತಡಮಾಡಿಸುತ್ತದೆ. ಸಾರಿನ ಹುಳಿಯಾಗಿ ಉಪ್ಪಾಗೆಗೂ ಅಲ್ಲಿ ಗೌರವದ ಸ್ಥಾನವಿದೆ. ವ್ಯಾಯಾಮದ ಜೊತೆಗೆ ಸೇರಬೇಕಾದ ಸಸ್ಯಬಲ ಇದೇ.

ವ್ಯಾಯಾಮಕ್ಕೂ ಮಿತಿಯುಂಟು. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ಹೇಳಿದ್ದಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರದಲ್ಲಿ ಕನಿಷ್ಠ 3 ದಿನ ತೀವ್ರ ಶ್ರಮವೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಬಹಳ ದಪ್ಪಗಿರುವವರೂ ಹೃದಯದ ತೊಂದರೆಯುಳ್ಳವರೂ ವೈದ್ಯರ ಸಲಹೆ ಪಡೆದು, ನಡಿಗೆಯಿಂದ ಆರಂಭಿಸಿ, ಮೆಲ್ಲಮೆಲ್ಲನೆ ವೇಗವನ್ನು ಹೆಚ್ಚಿಸಿಕೊಳ್ಳುವುದು ಲೇಸು.

ಹಗೇವಿನ ಧಾನ್ಯ ತಾನಾಗಿ ಮೇಲೆ ಬರುವುದಿಲ್ಲ. ಒಳಗಿಳಿದು ಹೊತ್ತು ತರಬೇಕು. ಮೈಯ ಹಗೇವಿನ ಮಾತೂ ಅಷ್ಟೆ. ಆ ದುಡಿಮೆಯನ್ನು ಬೇರೆ ಯಾರೂ, ಯಾವ ಮಾತ್ರೆಯೂ ಮನುಷ್ಯನ ಪರವಾಗಿ ಮಾಡಲಾರದು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕರಗಿದ ಕೊಬ್ಬಿನ ಹೆಚ್ಚಿನ ಭಾಗ ದೇಹದಿಂದ ಯಾವ ಮೂಲಕ ಹೊರಹೋಗುತ್ತದೆ?
2. ಉಪ್ಪಾಗೆಯ ಮುಖ್ಯ ಆಮ್ಲ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲಂಡನ್ನಿನ ಬಸ್ ನೌಕರರ ಅಧ್ಯಯನದಿಂದ ತಿಳಿದುಬಂದುದೇನು?
2. 1998ರ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ತೂಕ ಇಳಿಯಲು ಕಾರಣವೇನಿರಬಹುದು?

ಇ. ಸಂದರ್ಭ ಸಹಿತ ವಿವರಿಸಿರಿ.
"ದೂರದೇಶದವರ ಬೊಜ್ಜು ಕರಗಲಿಲ್ಲ; ಮಲೆನಾಡಿನ ಕಾಡು ಮಾತ್ರ ಕರಗಿತು."