ಸಾಂಕ್ರಾಮಿಕದ ನಡುವೆ ಮೆರವಣಿಗೆ: ಸಂಘಟಕರಿಗೆ ಏಳು ಸೂತ್ರಗಳು

2020ರ ಜುಲೈನಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. ಕೊರೊನಾ ಕಾಲದಲ್ಲಿ ಮನೆಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿದವರು ಅವರೇ. ಸೋಂಕಿನ ಅಪಾಯವನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೋಗ ಹೋದಮೇಲೆ ಕೇಳಿದರಾಯಿತು ಎಂದು ಎಲ್ಲರೂ ಕಾಯಲಾರರು. ಬೀದಿಗಿಳಿಯಲೇಬೇಕಾದಾಗ ಈ ಸೂತ್ರಗಳು ನೆನಪಿರಲಿ.

1. ಜನರನ್ನು ಕರೆಯುವ ಮೊದಲು ಜಾಗ ಅಳೆಯಿರಿ. 500 ಮಂದಿ ಇಬ್ಬಿಬ್ಬರಾಗಿ, ಸಾಲಿನಿಂದ ಸಾಲಿಗೆ 6 ಅಡಿ ಬಿಟ್ಟು ನಡೆದರೆ ಮೆರವಣಿಗೆ ಅರ್ಧ ಕಿಲೋಮೀಟರಿನಷ್ಟು ಉದ್ದವಾಗುತ್ತದೆ. ಇಬ್ಬರು ದೂರ ದೂರ ನಡೆಯುವಷ್ಟು ಅಗಲದ, ಅಷ್ಟು ಉದ್ದದ ರಸ್ತೆ ಆರಿಸಿ. ಸಭೆ ನಡೆಯುವ ಮೈದಾನದಲ್ಲಿ ಬೆಳಿಗ್ಗೆಯೇ ಸುಣ್ಣದಿಂದ ಗುರುತು ಹಾಕಿ. ಬಂದವರು ಗುರುತಿನ ಮೇಲೆ ನಿಲ್ಲಲಿ. ಟೆಲ್ ಅವೀವ್‌ನ ರಾಬಿನ್ ಚೌಕದಲ್ಲಿ 2020ರ ಏಪ್ರಿಲ್ 19ರಂದು 2 ಸಾವಿರಕ್ಕೂ ಹೆಚ್ಚು ಮಂದಿ ಇಸ್ರೇಲ್ ಪ್ರಧಾನಿ ನೆತನ್ಯಾಹು ವಿರುದ್ಧ ಹೀಗೆಯೇ ಎರಡೆರಡು ಮೀಟರ್ ದೂರದಲ್ಲಿ ನಿಂತರು. ಮೇಲಿನಿಂದ ತೆಗೆದ ಚಿತ್ರಗಳನ್ನು ಜಗತ್ತೇ ನೋಡಿತು. ಅಂತರ ಬಿಟ್ಟರೆ ಹೋರಾಟ ಬಡವಾಗುತ್ತದೆಂಬ ಅಂಜಿಕೆ ಬೇಡ. ಶಿಸ್ತಿನ ಸಾಲಿಗೆ ಅದರದೇ ಗತ್ತು ಇದೆ.

2. ಕೂಗು ಕಡಿಮೆ, ತಮಟೆ ಹೆಚ್ಚು. ಗಟ್ಟಿಯಾಗಿ ಕೂಗಿದಾಗ ಬಾಯಿಂದ ಹೊಮ್ಮುವ ಹನಿಗಳು ಮಾತಾಡುವಾಗಿನದಕ್ಕಿಂತ ಹೆಚ್ಚು. ಘೋಷಣೆ ಫಲಕದ ಮೇಲಿರಲಿ, ಸದ್ದು ತಮಟೆಯದಾಗಿರಲಿ. ಕೂಗಲೇಬೇಕೆಂದರೆ ಮಾಸ್ಕ್ ಗದ್ದಕ್ಕೆ ಇಳಿಯಬಾರದು.

3. ಒಂದೇ ಮೈಕ್ ಹತ್ತು ಕೈ ಸುತ್ತುವುದು ಬೇಡ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಭಾಷಣಕಾರರನ್ನು ಮೂವರಿಗೆ ಇಳಿಸಿ. ವೇದಿಕೆ ತುಂಬ ಮುಖಂಡರು ಒತ್ತೊತ್ತಾಗಿ ಕುಳಿತು, ಕೆಳಗಿನವರಿಗೆ ದೂರ ದೂರ ನಿಲ್ಲಿ ಎಂದರೆ ಯಾರೂ ಕೇಳುವುದಿಲ್ಲ.

4. ಬಸ್ಸು ಮತ್ತು ಊಟದ ಮೇಲೆ ಕಣ್ಣಿಡಿ. ಬಯಲಲ್ಲಿ ಗಾಳಿಯಾಡುತ್ತದೆ, ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಮೂರು ತಾಸು ಕೂತು ಬರುವುದೇ ಹೆಚ್ಚಿನ ಅಪಾಯ. ಸಂಘಟಕರು ಮೆರವಣಿಗೆಯ ಎರಡು ತಾಸಿಗೆ ಇನ್ನಿಲ್ಲದ ಎಚ್ಚರ ವಹಿಸಿ, ಹೋಗಿಬರುವ ದಾರಿಯನ್ನು ಮರೆತುಬಿಡುತ್ತಾರೆ. ಬಸ್ಸಿಗೆ ಅರ್ಧದಷ್ಟೇ ಜನ ಹತ್ತಲಿ, ಕಿಟಕಿಗಳು ತೆರೆದಿರಲಿ. ಊಟಕ್ಕೆ ಪಂಕ್ತಿ ಬೇಡ, ಪೊಟ್ಟಣ ಸಾಕು. ಚಿತ್ರಾನ್ನದ ಪೊಟ್ಟಣ ಬಿಚ್ಚಿದಾಗ ಎಲ್ಲರ ಮಾಸ್ಕ್ ಒಟ್ಟಿಗೇ ಕಳಚುತ್ತದೆ, ಹರಟೆಯೂ ಶುರುವಾಗುತ್ತದೆ. ಆದ್ದರಿಂದ ತಂಡತಂಡವಾಗಿ, ಬೇರೆ ಬೇರೆ ಮರದ ಕೆಳಗೆ ಕೂರಿಸಿ. ನೀರಿನ ಬಾಟಲಿ ಅವರವರದೇ.

5. ಹೆಸರು, ಫೋನ್ ನಂಬರು ಬರೆದಿಡಿ. ಯಾರಿಗಾದರೂ ಸೋಂಕು ತಗುಲಿದರೆ ಜೊತೆ ಬಂದವರಿಗೆ ಅಂದೇ ತಿಳಿಸಬಹುದು. ಪಟ್ಟಿ ನಂಬಿಕಸ್ತ ಒಬ್ಬರ ಬಳಿ ಕಾಗದದಲ್ಲೇ ಇರಲಿ. 14 ದಿನ ಕಳೆದ ಮೇಲೆ ಹರಿದುಹಾಕಿ. ಅದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲೇಬಾರದು.

6. ಪೊಲೀಸ್ ಅನುಮತಿಯ ಅರ್ಜಿಯಲ್ಲಿ ಅಂತರದ ವ್ಯವಸ್ಥೆ, ಸ್ವಯಂಸೇವಕರ ಸಂಖ್ಯೆ ಬರೆದುಕೊಡಿ. ಸ್ವೀಕೃತಿಯ ಮುದ್ರೆ ಪಡೆಯದೆ ಠಾಣೆಯಿಂದ ಹೊರಡಬೇಡಿ.

7. ವಯಸ್ಸಾದವರನ್ನು, ಸಕ್ಕರೆ ಕಾಯಿಲೆ ಇರುವವರನ್ನು, ಬಸುರಿಯರನ್ನು ಮನೆಯಲ್ಲೇ ಉಳಿಸಿ, ಆದರೆ ಹೋರಾಟದಿಂದ ಹೊರಗಿಡಬೇಡಿ. 2020ರ ಏಪ್ರಿಲ್ 24ರಂದು ಬರ್ಲಿನ್‌ನಲ್ಲಿ ಹವಾಮಾನ ಹೋರಾಟದ ಎಳೆಯರು ಸಂಸತ್ ಭವನದ ಮುಂದಿನ ಹುಲ್ಲುಹಾಸಿನ ಮೇಲೆ ಸಾವಿರಾರು ಫಲಕಗಳನ್ನು ಹಾಸಿದರು. ಜನ ಬರಲಿಲ್ಲ, ಅವರ ಮಾತು ಬಂತು. ನೀವೂ ಮನೆಯಲ್ಲಿರುವವರಿಂದ ಹೆಸರು, ಊರು ಬರೆದ ಫಲಕ ತರಿಸಿಕೊಳ್ಳಿ. ಹಿಂದಿನ ದಿನ ಸಂಜೆಯೊಳಗೆ ಕೈಸೇರಲಿ. ಕಟ್ಟಲು ಹುರಿ, ಮಳೆಗಾಲವಾದರೆ ಪ್ಲಾಸ್ಟಿಕ್ ಹಾಳೆ ಸಿದ್ಧವಿರಲಿ.