ಮಲ್ಪೆಗೆ ಹೋದರೆ ಮೊದಲು ಕಲ್ಲು ನೋಡಿ

ಮೈಸೂರಿನಿಂದ ಉಡುಪಿಗೆ ಹೋದವರು ಕೃಷ್ಣಮಠ, ಮಲ್ಪೆ ಬೀಚು ಎಲ್ಲ ಮುಗಿಸಿ, ಹೊತ್ತು ಉಳಿದರೆ ಸೇಂಟ್ ಮೇರಿಸ್ ದ್ವೀಪದ ದೋಣಿ ಹತ್ತುತ್ತಾರೆ. ಈ ಕ್ರಮ ತಿರುವುಮುರುವಾಗಲಿ.

ಹೊರಡುವ ಮುನ್ನ ತಿಂಗಳು ನೋಡಿಕೊಳ್ಳಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ದಸರೆ ರಜೆಯಲ್ಲೂ ಗಾಳಿ ಜೋರಾದರೆ ನಿಲ್ಲಿಸುವುದುಂಟು. ನವೆಂಬರಿನಿಂದ ಫೆಬ್ರುವರಿ ನಿಶ್ಚಿಂತೆ. ಬೆಂಗಳೂರಿನಿಂದ ಮೈಸೂರಿನ ಮೇಲೆ ಹಾದುಹೋಗುವ ಮುರ್ಡೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಮರುದಿನ ಉಡುಪಿಯಲ್ಲಿ ಇಳಿಯಬಹುದು. ಕಾರಿನವರಿಗೆ ಮಡಿಕೇರಿ, ಸುಳ್ಯ, ಮಂಗಳೂರು ದಾರಿ. ಘಾಟಿಯ ತಿರುವುಗಳಿಗೆ ಹೊಟ್ಟೆ ಹಗುರ ಇದ್ದರೆ ಕ್ಷೇಮ.

ಮಲ್ಪೆಯಿಂದ ದ್ವೀಪಕ್ಕೆ ಸುಮಾರು 6 ಕಿ.ಮೀ., ಅರ್ಧ ಗಂಟೆಯ ಪಯಣ. ಅಂದಿನ ಇಳಿತದ ವೇಳೆ ವಿಚಾರಿಸಿ ಹೊರಡಿ. ನೀರು ಇಳಿದಷ್ಟೂ ದ್ವೀಪದ ಕಲ್ಲುಕಂಬಗಳ ಬುಡ ಕಾಣುತ್ತದೆ. ಐದು, ಆರು, ಏಳು ಮೂಲೆಗಳ ಈ ಕಲ್ಲುಕಂಬಗಳನ್ನು ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗಿತು. ಕೆರೆಯ ಕೆಸರು ಒಣಗಿ ಬಿರುಕು ಬಿಡುವಂತೆ ಬಿರುಕುಗಳು ಮೇಲಿನಿಂದ ಸೀಳುತ್ತಾ ಕೆಳಗಿಳಿದು ಈ ಕಂಬಗಳಾದವು. ನಮ್ಮ ಚಾಮುಂಡಿ ಬೆಟ್ಟದ ಗ್ರಾನೈಟ್ ಕೂಡ ಕರಗಿದ ಶಿಲೆಯೇ, ಆದರೆ ಅದು ನೆಲದಾಳದಲ್ಲಿ ನಿಧಾನವಾಗಿ ಗಟ್ಟಿಯಾಯಿತು, ಅದಕ್ಕೇ ಹರಳು ದಪ್ಪ. ಇಲ್ಲಿನದು ಬೇಗ ತಣಿದದ್ದು, ನುಣುಪು ಕಣದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಚೂರನ್ನೂ ಕಿತ್ತು ತರಬೇಡಿ. ಪಾಚಿಗಟ್ಟಿದ ಬಂಡೆಯ ಮೇಲೆ ಸೆಲ್ಫಿ ಸಾಹಸವೂ ಬೇಡ, ಅಲೆ ಹೇಳಿ ಬರುವುದಿಲ್ಲ. ಕುಡಿಯುವ ನೀರು, ಟೋಪಿ ಜೊತೆಗಿರಲಿ.

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿಳಿದ ಎಂಬ ಮಾತು ದೋಣಿಯಲ್ಲೇ ಕಿವಿಗೆ ಬೀಳುತ್ತದೆ. ಅವನು ಬಂದದ್ದು ವಾಪಸ್ ಹೊರಟಾಗ, 1498ರ ಸೆಪ್ಟೆಂಬರಿನಲ್ಲಿ; ಆಗ ನೆಟ್ಟ ಶಿಲಾಸ್ತಂಭಕ್ಕಿಟ್ಟ ಸಾಂತಾ ಮರಿಯಾ ಹೆಸರೇ ದ್ವೀಪಕ್ಕೆ ಅಂಟಿತು.

ಮಲ್ಪೆ ಬಂದರಿನ ಕಥೆ ಅವನಿಗಿಂತ ಹಳೆಯದು. ದ್ವಾರಕೆಯ ಕಡೆಯಿಂದ ಬಂದು ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಟ್ಟಿಯೊಳಗೆ ಉಡುಪಿಯ ಕೃಷ್ಣ ಸಿಕ್ಕನೆಂದೂ ಐತಿಹ್ಯ. ಇದೇ ಐತಿಹ್ಯಕ್ಕೆ ಸೇರಿದ ವಡಭಾಂಡೇಶ್ವರದ ಬಲರಾಮ ದೇಗುಲ ಮಲ್ಪೆಯ ಕಡಲ ಪಕ್ಕದಲ್ಲೇ ಇದೆ.

ಇಲ್ಲೇ ತಂಗಿದರೆ ಬೆಳಗಿನ ಜಾವ ಮೀನುಗಾರಿಕಾ ದಕ್ಕೆಗೆ ಹೋಗಿ. ಬಂಗುಡೆ, ಬೂತಾಯಿ ಬುಟ್ಟಿಗಳು ಇಳಿಯುವಾಗ ದಾರಿಗೆ ಅಡ್ಡ ನಿಲ್ಲದಿದ್ದರಾಯಿತು. ಸಂಜೆಗೆ ಮಂಗಳೂರು ಹೆದ್ದಾರಿಯಲ್ಲಿ ಕಾಪು. 1901ರ ದೀಪಸ್ತಂಭ ಹತ್ತಲು ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ, ಬೇಗ ತಲುಪಿ ಸಾಲು ಹಿಡಿಯಿರಿ.